ಉರುಳುವ ಕಲ್ಲು, ಕೊಳೆತ ಸೇಬು: ಇಂಗ್ಲಿಷ್ ಗಾದೆಗಳ ಅರ್ಥ, ಅನರ್ಥ

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬುದು ನಮ್ಮ ಹಿರಿಯರ ಮಾತು. ಗಾದೆಯ ಹಿರಿಮೆಯನ್ನು ಸಾರುವುದಕ್ಕೂ ಒಂದು ಗಾದೆಯೇ ಬೇಕಾಯಿತೆಂಬುದು ಇಲ್ಲಿನ ಸ್ವಾರಸ್ಯ. ಇಂಗ್ಲಿಷ್ ಮಾತನಾಡುವ ಜನರಿಗೂ ಗಾದೆಯ ವಿಷಯದಲ್ಲಿ ಇಂಥದೇ ಗೌರವ ಉಂಟು. ವಾದಕ್ಕೆ ನಿಂತವನು ಕೊನೆಗೊಂದು ಗಾದೆಯನ್ನು ಮುಂದಿಟ್ಟರೆ ಎದುರಾಳಿಯ ಬಾಯಿ ಕಟ್ಟಿತೆಂದೇ ಲೆಕ್ಕ. ಅದು ಯಾರೋ ಒಬ್ಬನ ಅಭಿಪ್ರಾಯವಲ್ಲ, ತಲೆತಲಾಂತರದ ಅನುಭವದ ಸಾರ ಎಂಬ ಭಾವನೆಯೇ ಇದಕ್ಕೆ ಕಾರಣ.

ಕರ್ನಾಟಕದಲ್ಲಿ ಇಂಗ್ಲಿಷ್ ಕಲಿತವರಿಗೆ ಈ ಗಾದೆಗಳ ಪರಿಚಯವಾಗುವುದು ಬಹುಮಟ್ಟಿಗೆ ಪಠ್ಯಪುಸ್ತಕ, ವ್ಯಾಕರಣದ ಕೈಪಿಡಿಗಳ ಮೂಲಕ. ಎಡಗಡೆ ಗಾದೆ, ಬಲಗಡೆ ಅರ್ಥ. ಒಂದು ಗಾದೆಗೆ ಒಂದೇ ಅರ್ಥ; ಬಾಯಿಪಾಠ ಮಾಡಿದರೆ ಅಂಕ ಖಾತ್ರಿ. ಆದರೆ ಇಂಗ್ಲಿಷ್ ಗಾದೆಗಳ ಚರಿತ್ರೆ ಹೇಳುವ ಕಥೆ ಬೇರೆ. ಮಾತು ಹಾಗೆಯೇ ಉಳಿದು ಅರ್ಥ ಮಾತ್ರ ಮಗುಚಿಕೊಂಡ ಉದಾಹರಣೆಗಳು ಅಲ್ಲಿ ಹೇರಳ. ಗಾದೆಯ ಅರ್ಥ ಅದರ ಪದಗಳಲ್ಲಿ ಎಷ್ಟಿದೆಯೋ, ಅದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದರಲ್ಲಿ ಅದಕ್ಕಿಂತ ಹೆಚ್ಚು ಇದೆ.

‘ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್’ ಎಂಬ ಪ್ರಸಿದ್ಧ ಗಾದೆಯನ್ನೇ ನೋಡಬಹುದು. ‘ಉರುಳುವ ಕಲ್ಲಿಗೆ ಪಾಚಿ ಕಟ್ಟುವುದಿಲ್ಲ’ ಎಂಬುದು ಅದರ ಅಕ್ಷರಾರ್ಥ. ಹಳೆಯ ಇಂಗ್ಲೆಂಡಿನಲ್ಲಿ ಇದು ಅಲೆಮಾರಿಗೆ ಹೇಳುತ್ತಿದ್ದ ಬುದ್ಧಿವಾದ. ಒಂದು ಕಡೆ ನೆಲೆ ನಿಲ್ಲದೆ ಊರೂರು ತಿರುಗುವವನು ಆಸ್ತಿ ಮಾಡಲಾರ, ನಂಟು ಕಟ್ಟಿಕೊಳ್ಳಲಾರ ಎಂಬುದು ಆಗಿನ ತಾತ್ಪರ್ಯ. ಅಲ್ಲಿ ಪಾಚಿ ಎಂದರೆ ಸಂಪತ್ತು, ನೆಮ್ಮದಿ. ಅದೇ ಮಾತನ್ನು ಇಂದು, ಅದರಲ್ಲಿಯೂ ಅಮೆರಿಕದಲ್ಲಿ, ಅನೇಕರು ತದ್ವಿರುದ್ಧವಾಗಿ ಗ್ರಹಿಸುತ್ತಾರೆ. ಸದಾ ಚಲಿಸುತ್ತಿರುವವನಿಗೆ ಜಡತೆ ಅಂಟುವುದಿಲ್ಲ, ಆದ್ದರಿಂದ ನಿಲ್ಲದೆ ನಡೆ ಎಂದು ಅವರ ಅರ್ಥ. ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಹಾಡೊಂದಕ್ಕೆ ‘ರೋಲಿನ್ ಸ್ಟೋನ್’ ಎಂದು ಹೆಸರಿಟ್ಟದ್ದು, 1962ರಲ್ಲಿ ಲಂಡನ್ನಿನ ತರುಣರ ತಂಡವೊಂದು ಆ ಹಾಡಿನಿಂದಲೇ ತನ್ನ ಹೆಸರನ್ನು ಪಡೆದದ್ದು ಈಗ ಚರಿತ್ರೆ. ಉರುಳುವ ಕಲ್ಲೆಂದು ಕರೆಸಿಕೊಳ್ಳುವುದು ಆ ಹೊತ್ತಿಗೆ ಹೆಮ್ಮೆಯ ವಿಷಯವಾಗಿತ್ತು.

ಮಲೆನಾಡಿನ ಅಂಗಳದಲ್ಲಿ ಪಾಚಿಯ ಮೇಲೆ ಕಾಲು ಜಾರಿ ಬಿದ್ದವರಿಗೆ ಹಳೆಯ ಅರ್ಥ ಹೊಳೆಯುವುದೇ ಕಷ್ಟ. ‘ನಿಂತ ನೀರಾಗಬಾರದು’ ಎನ್ನುವ ಕನ್ನಡಿಗನಿಗೆ ಹೊಸ ಅರ್ಥವೇ ಸಹಜವಾಗಿ ಕಂಡರೆ ಆಶ್ಚರ್ಯವಿಲ್ಲ. ಎರಡು ಅರ್ಥಗಳಲ್ಲಿ ಯಾವುದು ಸರಿ? ಪದಗಳನ್ನೆಷ್ಟು ಜಾಲಾಡಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಪಾಚಿ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಆ ಕಾಲದ, ಆ ಸಮಾಜದ ಬದುಕು.

ಪರದೇಶದ ಸರಕು

ಇಂಗ್ಲಿಷ್ ಗಾದೆಗಳೆಲ್ಲ ಇಂಗ್ಲೆಂಡಿನ ನೆಲದಲ್ಲಿಯೇ ಹುಟ್ಟಿದವು ಎಂದು ಭಾವಿಸುವುದು ತಪ್ಪು. ಬೈಬಲ್, ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳು, ಫ್ರೆಂಚ್ ನುಡಿ ಹೀಗೆ ಹಲವು ದಾರಿಗಳಲ್ಲಿ ಅವು ಬಂದಿವೆ. ಇವುಗಳ ಪೈಕಿ ಒಂದು ದಾರಿಯ ಕಥೆ ಸ್ವಾರಸ್ಯಕರವಾಗಿದೆ. ಹಾಲೆಂಡಿನ ಮಹಾ ವಿದ್ವಾಂಸ ಇರಾಸ್ಮಸ್ 1500ರ ಜನವರಿಯಲ್ಲಿ ಇಂಗ್ಲೆಂಡಿನಿಂದ ಹಿಂದಿರುಗುತ್ತಿದ್ದಾಗ ಡೋವರ್ ಬಂದರಿನಲ್ಲಿ ಸುಂಕದ ಅಧಿಕಾರಿಗಳು ಅವನ ಬಳಿಯಿದ್ದ ಹಣವನ್ನೆಲ್ಲ ಕಿತ್ತುಕೊಂಡರು. ನಾಣ್ಯವನ್ನು ದೇಶದಿಂದ ಹೊರಗೆ ಒಯ್ಯಬಾರದೆಂಬ ಕಾನೂನು ಆಗ ಜಾರಿಯಲ್ಲಿತ್ತು. ಬರಿಗೈಯಲ್ಲಿ ಪ್ಯಾರಿಸ್ ಸೇರಿದ ಇರಾಸ್ಮಸ್ ಹೊಟ್ಟೆಪಾಡಿಗಾಗಿ ತರಾತುರಿಯಿಂದ ಸಿದ್ಧಪಡಿಸಿದ್ದು ಸುಮಾರು 800 ಪ್ರಾಚೀನ ಗಾದೆಗಳ ವಿವರಣೆಯುಳ್ಳ ಲ್ಯಾಟಿನ್ ಪುಸ್ತಕ. ‘ಅಡೇಜಿಯಾ’ ಎಂದು ಪ್ರಸಿದ್ಧವಾದ ಆ ಗ್ರಂಥ ಬೆಳೆಯುತ್ತ ಹೋಗಿ, 1536ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ 4000ಕ್ಕೂ ಮಿಕ್ಕಿದ ಗಾದೆಗಳನ್ನು ಒಳಗೊಂಡಿತ್ತು. 1539ರಲ್ಲಿ ರಿಚರ್ಡ್ ಟ್ಯಾವರ್ನರ್ ಅದರಿಂದ ಆಯ್ದ ಕೆಲವನ್ನು ಇಂಗ್ಲಿಷಿಗೆ ತಂದ.

ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ‘ಕಾಲಿಂಗ್ ಎ ಸ್ಪೇಡ್ ಎ ಸ್ಪೇಡ್’ ಎನ್ನುತ್ತಾರೆ. ಸ್ಪೇಡ್ ಎಂದರೆ ನೆಲ ಅಗೆಯುವ ಸಲಿಕೆ. ಗ್ರೀಕ್ ಮೂಲದಲ್ಲಿ ಸಲಿಕೆ ಇರಲೇ ಇಲ್ಲ. ಅಲ್ಲಿದ್ದದ್ದು ಅಂಜೂರ ಮತ್ತು ಮರದ ದೋಣಿಯಂಥ ತೊಟ್ಟಿ. ಅಂಜೂರವನ್ನು ಅಂಜೂರವೆಂದೂ ತೊಟ್ಟಿಯನ್ನು ತೊಟ್ಟಿಯೆಂದೂ ಕರೆ ಎಂಬುದು ಗ್ರೀಕರ ಮಾತು. ತೊಟ್ಟಿಯನ್ನೂ ಅಗೆಯುವ ಉಪಕರಣವನ್ನೂ ಸೂಚಿಸುವ ಎರಡು ಗ್ರೀಕ್ ಪದಗಳು ಹತ್ತಿರಹತ್ತಿರ ಇದ್ದುದರಿಂದ ಇರಾಸ್ಮಸ್ ಲ್ಯಾಟಿನ್ನಿನಲ್ಲಿ ಸಲಿಕೆಯನ್ನು ತಂದಿರಿಸಿದ. 1542ರಲ್ಲಿ ನಿಕೊಲಸ್ ಯೂಡಲ್ ಅದನ್ನೇ ಇಂಗ್ಲಿಷಿಗೆ ತಿರುಗಿಸಿದ. ವಿದ್ವಾಂಸನ ಒಂದು ಎಡವಟ್ಟು ಹೀಗೆ ಜನರ ನಾಲಗೆಯಲ್ಲಿ ನೆಲೆ ನಿಂತಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. 20ನೇ ಶತಮಾನದ ಅಮೆರಿಕದಲ್ಲಿ ‘ಸ್ಪೇಡ್’ ಎಂಬುದು ಕಪ್ಪು ಜನರನ್ನು ಹೀಯಾಳಿಸುವ ಪದವೂ ಆಯಿತು. ಹಳೆಯ ನುಡಿಗಟ್ಟಿಗೂ ಈ ಬೈಗುಳಕ್ಕೂ ಹುಟ್ಟಿನಲ್ಲಿ ಸಂಬಂಧವಿಲ್ಲ. ಆದರೂ ಕೇಳುವವರ ಕಿವಿಗೆ ನೋವಾಗಬಾರದೆಂದು ಅನೇಕರು ಇಂದು ಆ ಮಾತನ್ನು ಬಳಸುವುದಿಲ್ಲ.

ತಾಳುವುದೋ, ತೂರಿಕೊಳ್ಳುವುದೋ?

ಇಂಗ್ಲಿಷ್ ಗಾದೆಗಳ ಮೊದಲ ದೊಡ್ಡ ಸಂಕಲನ ಬಂದದ್ದು 1546ರಲ್ಲಿ. ಅದನ್ನು ರಚಿಸಿದವನು ಜಾನ್ ಹೇವುಡ್ ಎಂಬ ನಾಟಕಕಾರ. ಅವನು ಗಾದೆಗಳನ್ನು ಪಟ್ಟಿ ಮಾಡಿ ಒಪ್ಪಿಸಲಿಲ್ಲ. ಪದ್ಯರೂಪದ ಒಂದು ಸಂಭಾಷಣೆಯೊಳಗೆ ಪೋಣಿಸಿದ. ಮದುವೆಯ ಯೋಚನೆಯಲ್ಲಿರುವ ತರುಣನೊಬ್ಬ ಸಲಹೆ ಕೇಳುತ್ತಾನೆ. ಒಲಿದ ಬಡ ಹುಡುಗಿಯನ್ನು ಕೈಹಿಡಿಯಬೇಕೋ, ಹಣವುಳ್ಳ ಮುದಿ ವಿಧವೆಯನ್ನು ವರಿಸಬೇಕೋ ಎಂಬುದು ಅವನ ಸಮಸ್ಯೆ. ಎರಡು ಪಕ್ಷಕ್ಕೂ ಗಾದೆಗಳು ಸಾಲುಗಟ್ಟಿ ಬರುತ್ತವೆ. ‘ಅವಸರದಿಂದ ನಷ್ಟ’ ಎಂಬುದೂ ಅದರಲ್ಲಿದೆ; ‘ಕಬ್ಬಿಣ ಕಾದಾಗಲೇ ಬಡಿ’ ಎಂಬುದೂ ಅದರಲ್ಲೇ ಇದೆ.

ಇದು ಇಂಗ್ಲಿಷಿಗೆ ಮಾತ್ರ ಅಂಟಿದ ದೋಷವಲ್ಲ. ‘ತಾಳಿದವನು ಬಾಳಿಯಾನು’ ಎಂದ ನಾಲಗೆಯೇ ‘ಗಾಳಿ ಬಂದಾಗ ತೂರಿಕೊ’ ಎಂದೂ ಹೇಳುತ್ತದೆ. ಇಂಗ್ಲಿಷರು ‘ಕೈಗಳು ಹಲವಾದರೆ ಕೆಲಸ ಹಗುರ’ ಎಂದು ಒಮ್ಮೆ ಹೇಳಿ, ‘ಅಡುಗೆಯವರು ಹೆಚ್ಚಾದರೆ ಸಾರು ಕೆಟ್ಟಿತು’ ಎಂದು ಇನ್ನೊಮ್ಮೆ ಹೇಳುತ್ತಾರೆ. ಗಾದೆಗಳೆಲ್ಲ ಎಲ್ಲ ಕಾಲಕ್ಕೂ ಸಲ್ಲುವ ಸತ್ಯಗಳಾಗಿದ್ದರೆ ಹೀಗೆ ಒಂದನ್ನೊಂದು ಹೊಡೆದು ಹಾಕುತ್ತಿರಲಿಲ್ಲ. ಅವು ಆಯಾ ಸಂದರ್ಭಕ್ಕೆ ತೆಗೆದುಕೊಳ್ಳುವ ಹತ್ಯಾರುಗಳು. ಬಡಗಿಯ ಚೀಲದಲ್ಲಿ ಸುತ್ತಿಗೆಯೂ ಇರುತ್ತದೆ, ಮೊಳೆ ಕೀಳುವ ಇಕ್ಕಳವೂ ಇರುತ್ತದೆ. ಎರಡರಲ್ಲಿ ಯಾವುದು ಸತ್ಯ ಎಂದು ಯಾರೂ ಕೇಳುವುದಿಲ್ಲ. ಆದರೆ ಯಾವುದನ್ನು ಯಾವಾಗ ಎತ್ತಿಕೊಂಡ ಎಂದು ಕೇಳಲೇಬೇಕಾಗುತ್ತದೆ.

ಮುಂದೆ 1670ರಲ್ಲಿ ಜಾನ್ ರೇ ಎಂಬ ಸಸ್ಯವಿಜ್ಞಾನಿ ಗಿಡಮೂಲಿಕೆಗಳನ್ನು ವಿಂಗಡಿಸಿದಷ್ಟೇ ಶ್ರದ್ಧೆಯಿಂದ ಗಾದೆಗಳನ್ನೂ ಸಂಗ್ರಹಿಸಿ ಪ್ರಕಟಿಸಿದ. 18ನೇ ಶತಮಾನದಲ್ಲಿ ಮಾತ್ರ ಮೇಲ್ವರ್ಗದವರಿಗೆ ಗಾದೆ ಎಂದರೆ ತಾತ್ಸಾರ ಹುಟ್ಟಿತು. ಲಾರ್ಡ್ ಚೆಸ್ಟರ್‌ಫೀಲ್ಡ್ ತನ್ನ ಮಗನಿಗೆ ಬರೆದ ಪತ್ರಗಳು 1774ರಲ್ಲಿ ಅಚ್ಚಾದವು. ಗಾದೆಗಳನ್ನು ಬಳಸುವುದು ಸಾಮಾನ್ಯ ಜನರ ಲಕ್ಷಣ, ಸಭ್ಯಸ್ಥ ಅವುಗಳ ಗೋಜಿಗೆ ಹೋಗಬಾರದು ಎಂಬುದು ಅವನ ಉಪದೇಶ. ಮಗ ಆ ಮಾತನ್ನು ಎಷ್ಟು ಪಾಲಿಸಿದನೋ, ದೇಶವಂತೂ ಪಾಲಿಸಲಿಲ್ಲ.

ಸವೆದ ಪದ, ಉಳಿದ ಮಾತು

ಕೆಲವು ಗಾದೆಗಳ ಅರ್ಥ ಮಸುಕಾದದ್ದು ಅವುಗಳೊಳಗಿನ ಒಂದು ಪದ ಸವೆದುಹೋದದ್ದರಿಂದ. ‘ದ ಪ್ರೂಫ್ ಆಫ್ ದ ಪುಡಿಂಗ್ ಈಸ್ ಇನ್ ದ ಈಟಿಂಗ್’ ಎಂಬುದು 17ನೇ ಶತಮಾನದಲ್ಲಿಯೇ ಬಳಕೆಯಲ್ಲಿದ್ದ ಮಾತು. ಇಲ್ಲಿ ‘ಪ್ರೂಫ್’ ಎಂದರೆ ಪುರಾವೆ ಅಲ್ಲ, ಪರೀಕ್ಷೆ. ಪುಡಿಂಗ್ ಕೂಡ ಇಂದಿನ ಸಿಹಿ ತಿನಿಸಲ್ಲ. ಪ್ರಾಣಿಯ ಕರುಳಿನೊಳಗೆ ಮಾಂಸ, ಕೊಬ್ಬು, ಧಾನ್ಯ ತುಂಬಿ ಬೇಯಿಸುತ್ತಿದ್ದ ಖಾದ್ಯ. ಹೊರಗಿನಿಂದ ನೋಡಿದರೆ ಒಳಗೆ ಬೆಂದಿದೆಯೋ ಹಳಸಿದೆಯೋ ತಿಳಿಯದು, ತಿಂದೇ ಪರೀಕ್ಷಿಸಬೇಕು. ‘ಪ್ರೂಫ್’ ಪದದ ಆ ಹಳೆಯ ಅರ್ಥ ಇನ್ನೂ ಜೀವಂತವಾಗಿರುವ ಒಂದು ಸ್ಥಳವೆಂದರೆ ಅಚ್ಚುಕೂಟ. ಅಲ್ಲಿ ಪ್ರೂಫ್ ಎಂದರೆ ತಪ್ಪು ಹುಡುಕಲು ತೆಗೆಯುವ ಪರೀಕ್ಷಾರ್ಥ ಪ್ರತಿ. ಇತ್ತೀಚೆಗೆ ಗಾದೆಯನ್ನು ಮೊಟಕುಗೊಳಿಸಿ ‘ಪುರಾವೆ ಪುಡಿಂಗಿನಲ್ಲಿದೆ’ ಎನ್ನುವವರೇ ಹೆಚ್ಚು. ಪುಡಿಂಗಿನೊಳಗೆ ಯಾವ ಪುರಾವೆ ಅಡಗಿದೆಯೋ ಅವರಿಗೇ ಗೊತ್ತು.

‘ಕುತೂಹಲ ಬೆಕ್ಕನ್ನು ಕೊಂದಿತು’ ಎಂಬುದು ಇನ್ನೊಂದು. ಅತಿಯಾಗಿ ಪ್ರಶ್ನೆ ಕೇಳುವ ಮಕ್ಕಳನ್ನು ಗದರಲು ಇಂಗ್ಲಿಷ್ ಮನೆಗಳಲ್ಲಿ ಇದನ್ನು ಧಾರಾಳವಾಗಿ ಬಳಸುತ್ತಾರೆ. ಆದರೆ ಬೆನ್ ಜಾನ್ಸನ್ 1598ರಲ್ಲಿ ಆಡಿಸಿದ ನಾಟಕದಲ್ಲಿ ಬೆಕ್ಕನ್ನು ಕೊಂದದ್ದು ಕುತೂಹಲವಲ್ಲ, ‘ಕೇರ್’. ಆ ಕಾಲದ ಇಂಗ್ಲಿಷಿನಲ್ಲಿ ಕೇರ್ ಎಂದರೆ ಚಿಂತೆ, ಕೊರಗು. ಒಂಬತ್ತು ಜೀವವುಳ್ಳದ್ದೆಂದು ಹೇಳಲಾಗುವ ಬೆಕ್ಕನ್ನೂ ಚಿಂತೆ ಕೊಲ್ಲುತ್ತದೆ, ಆದ್ದರಿಂದ ಚಿಂತೆ ಬಿಡು ಎಂಬ ಸಾಂತ್ವನದ ಮಾತು ಅದು. ‘ಚಿತೆ ಹೆಣವನ್ನು ಸುಟ್ಟರೆ ಚಿಂತೆ ಜೀವವನ್ನು ಸುಡುತ್ತದೆ’ ಎಂಬ ನಮ್ಮ ಮಾತಿಗೆ ಅದು ತೀರ ಹತ್ತಿರ. 19ನೇ ಶತಮಾನದ ಕೊನೆಯ ಹೊತ್ತಿಗೆ ಚಿಂತೆಯ ಜಾಗದಲ್ಲಿ ಕುತೂಹಲ ಬಂದು ಕೂತಿತು. ನೊಂದವರನ್ನು ಸಂತೈಸುತ್ತಿದ್ದ ಮಾತು ಮಕ್ಕಳ ಬಾಯಿ ಮುಚ್ಚಿಸುವ ಮಾತಾಯಿತು.

‘ಅಪವಾದವೇ ನಿಯಮವನ್ನು ಸಾಧಿಸುತ್ತದೆ’ ಎಂಬ ಮಾತಿನ ಗತಿ ಇದಕ್ಕಿಂತ ಶೋಚನೀಯ. ಇಂಗ್ಲಿಷಿನಿಂದ ಅದು ಕನ್ನಡದ ಚರ್ಚೆಗಳಿಗೂ ಇಳಿದು ಬಂದಿದೆ. ತಮ್ಮ ವಾದಕ್ಕೆ ವಿರುದ್ಧವಾದ ಸಾಕ್ಷ್ಯ ಎದುರಾದಾಗ ‘ಇದೊಂದು ಅಪವಾದ, ಆದ್ದರಿಂದಲೇ ನನ್ನ ಮಾತು ನಿಜ’ ಎಂದು ಜಾರಿಕೊಳ್ಳಲು ಇದು ಅನುಕೂಲ. ಮೂಲದಲ್ಲಿ ಇದು ನ್ಯಾಯಶಾಸ್ತ್ರದ ಸೂತ್ರ. ಕ್ರಿಸ್ತಪೂರ್ವ 56ರಲ್ಲಿ ರೋಮಿನ ವಾಗ್ಮಿ ಸಿಸಿರೋ ಬಾಲ್ಬಸ್ ಎಂಬವನ ಪರವಾಗಿ ವಾದಿಸುವಾಗ ಈ ತರ್ಕವನ್ನು ಮುಂದಿಟ್ಟ. ‘ಭಾನುವಾರ ಇಲ್ಲಿ ವಾಹನ ನಿಲ್ಲಿಸಬಹುದು’ ಎಂಬ ಫಲಕ ಕಂಡರೆ ಉಳಿದ ದಿನ ನಿಲ್ಲಿಸಬಾರದೆಂಬ ನಿಯಮ ಇದೆಯೆಂದು ತಿಳಿಯುತ್ತದಲ್ಲವೆ? ವಿನಾಯಿತಿಯನ್ನು ಬರೆದು ಹೇಳಿದ್ದೇ ಬರೆಯದ ನಿಯಮಕ್ಕೆ ಸಾಕ್ಷಿ. ಸೂತ್ರದ ಅರ್ಥ ಇಷ್ಟೇ. ತಪ್ಪು ವಾದವನ್ನು ಉಳಿಸಿಕೊಳ್ಳುವ ರಕ್ಷಾಕವಚ ಅದಲ್ಲ.

ಗಾದೆ ಕೆಲಸಕ್ಕೆ ಇಳಿದಾಗ

ಗಾದೆಯಿಂದ ಜನ ನಿಜಕ್ಕೂ ಬುದ್ಧಿ ಕಲಿಯುತ್ತಾರೆಯೆ? ಈ ಬಗ್ಗೆ ಅತಿ ಹೆಚ್ಚು ಗಾದೆಗಳನ್ನು ಹಂಚಿದವನಿಗೇ ಅನುಮಾನವಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1732ರಿಂದ ಕಾಲು ಶತಮಾನ ಕಾಲ ‘ಪೂರ್ ರಿಚರ್ಡ್’ ಎಂಬ ಹೆಸರಿನಲ್ಲಿ ಪಂಚಾಂಗ ಹೊರಡಿಸಿದ. ಅದರ ಖಾಲಿ ಜಾಗಗಳಲ್ಲೆಲ್ಲ ದುಡಿಮೆ, ಮಿತವ್ಯಯಗಳ ಗಾದೆಗಳು. 1758ರ ಕೊನೆಯ ಸಂಚಿಕೆಯಲ್ಲಿ ಅವನ್ನೆಲ್ಲ ಒಂದು ಕಥೆಯಾಗಿ ಹೆಣೆದ. ಹರಾಜು ಕಟ್ಟೆಯ ಮುಂದೆ ನೆರೆದವರಿಗೆ ಅಬ್ರಹಾಂ ಎಂಬ ಮುದುಕ ದುಂದುಗಾರಿಕೆಯ ವಿರುದ್ಧ ಗಾದೆಗಳ ಸರಮಾಲೆಯನ್ನೇ ಹರಿಸುತ್ತಾನೆ. ಜನ ತಲೆದೂಗುತ್ತಾರೆ. ಹರಾಜು ಶುರುವಾದದ್ದೇ ತಡ, ಮುಗಿಬಿದ್ದು ಬೇಡದ್ದನ್ನೆಲ್ಲ ಕೊಳ್ಳುತ್ತಾರೆ. ‘ಸಂಪತ್ತಿನ ಹಾದಿ’ ಎಂಬ ಹೆಸರಿನಲ್ಲಿ ಆ ಬರಹ ದೇಶದೇಶಗಳಲ್ಲಿ ಪ್ರಚಾರ ಪಡೆಯಿತು. ಗಾದೆಗಳು ಉಳಿದವು, ಕೊನೆಯ ವ್ಯಂಗ್ಯವನ್ನು ಬಹಳ ಜನ ಮರೆತರು.

ಆದರೆ ಈಗಾಗಲೇ ಮಾಡಬೇಕೆಂದಿರುವ ಕೆಲಸಕ್ಕೆ ಸಮರ್ಥನೆ ಒದಗಿಸುವುದರಲ್ಲಿ ಗಾದೆಗೆ ಸಾಟಿಯಿಲ್ಲ. 1859ರ ಜೂನ್ 25ರಂದು ಚೀನಾದ ಡಾಗು ಕೋಟೆಗಳ ಮೇಲೆ ದಾಳಿ ಮಾಡಿದ ಬ್ರಿಟಿಷ್ ನೌಕೆಗಳು ಚೀನೀ ಫಿರಂಗಿಗಳಿಗೆ ಸಿಕ್ಕಿ ತತ್ತರಿಸಿದವು. ಸಮೀಪದಲ್ಲಿದ್ದ ಅಮೆರಿಕದ ನೌಕಾಧಿಕಾರಿ ಜೊಸೈಯ ಟಾಟ್ನಲ್‌ನ ದೇಶ ಆ ಯುದ್ಧದಲ್ಲಿ ತಟಸ್ಥವಾಗಿತ್ತು. ಆದರೂ ಅವನು ಬ್ರಿಟಿಷರ ನೆರವಿಗೆ ಧಾವಿಸಿದ. ಅವರ ಸೈನಿಕರಿದ್ದ ದೋಣಿಗಳನ್ನು ಎಳೆದೊಯ್ದು ಮುಂದಕ್ಕೆ ತಲುಪಿಸಿದ. ಇದಕ್ಕೆ ಅವನು ಕೊಟ್ಟ ಕಾರಣ ಒಂದು ಗಾದೆ: ‘ಬ್ಲಡ್ ಈಸ್ ಥಿಕ್ಕರ್ ದ್ಯಾನ್ ವಾಟರ್’, ರಕ್ತ ನೀರಿಗಿಂತ ಗಟ್ಟಿ. ಅಂತರರಾಷ್ಟ್ರೀಯ ನಿಯಮವೊಂದನ್ನು ಮುರಿಯಲು ಐದು ಪದಗಳ ಹಳೆಯ ಮಾತು ಸಾಕಾಯಿತು. ಎರಡೂ ದೇಶಗಳಲ್ಲಿ ಅವನನ್ನು ಕೊಂಡಾಡಿದರು. ಎರಡೇ ವರ್ಷಗಳಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾದಾಗ ಜಾರ್ಜಿಯ ರಾಜ್ಯದವನಾದ ಇದೇ ಟಾಟ್ನಲ್ ದಕ್ಷಿಣದವರ ಪಕ್ಷ ಸೇರಿ, ತಾನು ಅದುವರೆಗೆ ಸೇವೆ ಸಲ್ಲಿಸಿದ್ದ ನೌಕಾಪಡೆಯ ವಿರುದ್ಧವೇ ನಿಂತ. ಯಾವ ರಕ್ತ ಗಟ್ಟಿ, ಯಾವುದು ನೀರು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ತೀರ್ಮಾನಿಸುವವನು ಹೇಳುವವನೇ.

ಅದೇ ಯುದ್ಧದ ನಡುವೆ, 1864ರ ಜೂನ್ 9ರಂದು, ಅಬ್ರಹಾಂ ಲಿಂಕನ್ ಅಧ್ಯಕ್ಷ ಪದವಿಗೆ ಮತ್ತೆ ಅಭ್ಯರ್ಥಿಯಾದ ತನ್ನನ್ನು ಅಭಿನಂದಿಸಲು ಬಂದವರ ಎದುರು ಡಚ್ ರೈತನೊಬ್ಬನ ಮಾತನ್ನು ನೆನಪಿಸಿದ: ಹೊಳೆ ದಾಟುವಾಗ ಕುದುರೆ ಬದಲಾಯಿಸುವುದು ಒಳ್ಳೆಯದಲ್ಲ. ತಾನೇ ಶ್ರೇಷ್ಠ ಎಂದು ಹೇಳಿಕೊಳ್ಳದೆ, ತನ್ನನ್ನೇ ಉಳಿಸಿಕೊಳ್ಳಿ ಎಂದು ಹೇಳಿದ ಜಾಣ್ಮೆ ಅದು. ನವೆಂಬರಿನಲ್ಲಿ ಅವನು ಗೆದ್ದ. ಆ ಬಳಿಕ ಅಧಿಕಾರದಲ್ಲಿರುವ ಎಷ್ಟೋ ನಾಯಕರು ಈ ಮಾತನ್ನು ಎರವಲು ಪಡೆದರು. ಕುದುರೆಯೇ ಹೊಳೆಯ ನಡುವೆ ಕುಸಿಯುತ್ತಿದ್ದರೆ ಏನು ಮಾಡಬೇಕೆಂದು ಗಾದೆಯಲ್ಲಿಲ್ಲ.

ಒಂದು ಸೇಬಿನ ಕಥೆ

ಗಾದೆಯೊಂದು ತಲೆಕೆಳಗಾದರೆ ಏನಾಗುತ್ತದೆ ಎಂಬುದಕ್ಕೆ ಕೊಳೆತ ಸೇಬಿಗಿಂತ ಮಿಗಿಲಾದ ನಿದರ್ಶನವಿಲ್ಲ. 14ನೇ ಶತಮಾನದ ಕವಿ ಚಾಸರ್ ಪೂರ್ಣಗೊಳಿಸದೆ ಬಿಟ್ಟ ಕಥೆಯೊಂದರಲ್ಲಿ ಯಜಮಾನನೊಬ್ಬ ಪೋಲಿ ಹುಡುಗನನ್ನು ಕೆಲಸದಿಂದ ಓಡಿಸುವಾಗ ನೆನೆಯುವುದು ಇದೇ ಗಾದೆಯನ್ನು. ಕೊಳೆತ ಸೇಬನ್ನು ರಾಶಿಯಿಂದ ತೆಗೆದು ಎಸೆಯದಿದ್ದರೆ ಉಳಿದವೂ ಕೊಳೆಯುತ್ತವೆ ಎಂಬುದು ಅದರ ಸಾರ. ಫ್ರಾಂಕ್ಲಿನ್ 1736ರ ಪಂಚಾಂಗದಲ್ಲಿ ಇದನ್ನೇ ಇನ್ನೊಂದು ರೂಪದಲ್ಲಿ ಅಚ್ಚು ಹಾಕಿಸಿದ.

ಈ ಅನುಭವದ ಹಿಂದೆ ವಿಜ್ಞಾನವೂ ಇದೆ. ಮಾಗುವ ಹಣ್ಣು ಎಥಿಲಿನ್ ಎಂಬ ಅನಿಲವನ್ನು ಹೊರಬಿಡುತ್ತದೆಂದು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ತೋರಿಸಿಕೊಟ್ಟ. ಆ ಅನಿಲ ಪಕ್ಕದ ಹಣ್ಣುಗಳನ್ನೂ ಬೇಗ ಮಾಗಿಸುತ್ತದೆ. ಅತಿಯಾಗಿ ಮಾಗಿದ ಹಣ್ಣಿಗೆ ಬೂಷ್ಟು ಹಿಡಿಯುವುದೂ ಸುಲಭ. ಬಾಳೆಕಾಯಿಗಳ ನಡುವೆ ಒಂದು ಹಣ್ಣನ್ನಿಟ್ಟು ಮುಚ್ಚಿ ಎಲ್ಲವನ್ನೂ ಹಣ್ಣು ಮಾಡುವ ನಮ್ಮ ಮನೆಗಳ ಉಪಾಯವೂ ಇದೇ ತತ್ವದ್ದು. ಒಂದು ಹಣ್ಣಿನ ಸ್ಥಿತಿ ಇಡೀ ರಾಶಿಯ ಮೇಲೆ ಪರಿಣಾಮ ಬೀರುತ್ತದೆ ಎಂಬುದು ಗಾದೆಯ ತಿರುಳು.

20ನೇ ಶತಮಾನದಲ್ಲಿ ಈ ತಿರುಳೇ ಮಗುಚಿತು. ಅಮೆರಿಕದ ಆಸ್ಮಂಡ್ಸ್ ಎಂಬ ಸೋದರರ ತಂಡದ ಹಾಡೊಂದು 1971ರ ಫೆಬ್ರವರಿಯಲ್ಲಿ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಒಂದು ಕೆಟ್ಟ ಸೇಬಿನಿಂದ ಗೊಂಚಲೆಲ್ಲ ಕೆಡುವುದಿಲ್ಲ ಎಂಬುದು ಅದರ ಪಲ್ಲವಿಯ ಆಶಯ. ಪ್ರೇಮದ ಹಾಡಿಗೆ ಅದು ಒಪ್ಪುವ ಮಾತೇ. ಆದರೆ ಅದೇ ಧಾಟಿ ಸರ್ಕಾರಿ ಹೇಳಿಕೆಗಳಿಗೂ ಹಬ್ಬಿತು. 2004ರಲ್ಲಿ ಇರಾಕಿನ ಅಬು ಗ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ಕೈದಿಗಳಿಗೆ ನೀಡಿದ ಚಿತ್ರಹಿಂಸೆಯ ಛಾಯಾಚಿತ್ರಗಳು ಬಯಲಾದಾಗ, ಇದು ಕೆಲವೇ ಕೆಟ್ಟ ಸೇಬುಗಳ ಕೃತ್ಯ ಎಂಬ ಸಮರ್ಥನೆ ಕೇಳಿಬಂತು. ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ 2007ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಟ್ಟ: ಸೇಬನ್ನು ಮಾತ್ರ ನೋಡಿದರೆ ಸಾಲದು, ಅದನ್ನು ತುಂಬಿಟ್ಟ ಪೀಪಾಯಿಯನ್ನೂ, ಪೀಪಾಯಿ ಮಾಡಿದವರನ್ನೂ ನೋಡಬೇಕು.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸನೊಬ್ಬನ ಮೊಣಕಾಲಿನಡಿ ಸತ್ತಾಗ ಗಾದೆ ಮತ್ತೆ ಮೇಲೆದ್ದಿತು. ಪೊಲೀಸ್ ವ್ಯವಸ್ಥೆಯಲ್ಲಿ ಜನಾಂಗದ್ವೇಷ ಇಲ್ಲ, ಇರುವುದು ಕೆಲವು ಕೆಟ್ಟ ಸೇಬುಗಳು ಎಂದು ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ರಾಬರ್ಟ್ ಓಬ್ರಿಯನ್ ಮೇ 31ರಂದು ದೂರದರ್ಶನದ ಸಂದರ್ಶನದಲ್ಲಿ ಹೇಳಿದರು. ಮಿನೆಸೋಟ ರಾಜ್ಯದ ಮಾನವ ಹಕ್ಕುಗಳ ಇಲಾಖೆ ತನಿಖೆ ನಡೆಸಿ 2022ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಆ ನಗರದ ಪೊಲೀಸ್ ಇಲಾಖೆಯಲ್ಲಿ ಜನಾಂಗೀಯ ತಾರತಮ್ಯ ಒಂದು ಪರಿಪಾಠವಾಗಿಯೇ ನಡೆದುಬಂದಿತ್ತು ಎಂಬುದು ಅದರ ತೀರ್ಮಾನ. ಮೂಲ ಗಾದೆಯನ್ನು ನಂಬಿದ್ದರೆ ಒಂದು ಕೊಳೆತ ಹಣ್ಣು ಕಂಡೊಡನೆ ಬುಟ್ಟಿಯನ್ನೆಲ್ಲ ಸುರಿದು ನೋಡಬೇಕಿತ್ತು. ಮಗುಚಿದ ಗಾದೆ ಬುಟ್ಟಿಯ ಬಾಯಿ ಮುಚ್ಚಲು ನೆರವಾಯಿತು. ಇಲ್ಲಿ ಗಾದೆಯ ಅರ್ಥ ಪಂಡಿತರ ಜಿಜ್ಞಾಸೆಯಾಗಿ ಉಳಿಯಲಿಲ್ಲ. ಸತ್ತವರಿಗೆ ಯಾರು ಉತ್ತರ ಕೊಡಬೇಕು ಎಂಬ ಪ್ರಶ್ನೆಯಾಯಿತು.

ವೈದ್ಯರ ಮುಂದೆ ಗಾದೆ

ಗಾದೆಯ ಅರ್ಥ ಹೇಳಲಾಗದಿದ್ದರೆ ಶಾಲೆಯಲ್ಲಿ ಅಂಕ ಹೋಗುತ್ತದೆ, ಅಷ್ಟೇ. ಆದರೆ ಅದಕ್ಕಿಂತ ದೊಡ್ಡ ನಷ್ಟದ ಸಂಭವವೂ ಇತ್ತು. ಮಾನಸಿಕ ರೋಗಿಗಳ ಆಲೋಚನಾಶಕ್ತಿಯನ್ನು ಅಳೆಯಲು ಪಾಶ್ಚಾತ್ಯ ವೈದ್ಯರು ಗಾದೆಗಳನ್ನು ಬಳಸುವ ಕ್ರಮ 20ನೇ ಶತಮಾನದಲ್ಲಿ ರೂಢಿಗೆ ಬಂತು. ‘ಗಾಜಿನ ಮನೆಯಲ್ಲಿರುವವರು ಕಲ್ಲು ಎಸೆಯಬಾರದು ಎಂದರೇನು?’ ಎಂದು ಕೇಳುವುದು. ತನ್ನಲ್ಲೇ ದೋಷವಿರುವವನು ಪರರನ್ನು ಟೀಕಿಸಬಾರದು ಎಂದು ಉತ್ತರಿಸಿದರೆ ಅಮೂರ್ತವಾಗಿ ಆಲೋಚಿಸುವ ಶಕ್ತಿ ಸರಿಯಾಗಿದೆ ಎಂದು ಲೆಕ್ಕ. ‘ಗಾಜು ಒಡೆದುಹೋಗುತ್ತದೆ’ ಎಂದರೆ ಅದು ಸ್ಕಿಜೊಫ್ರೇನಿಯದಂಥ ರೋಗದ ಸುಳಿವಿರಬಹುದು. ಡೊನಾಲ್ಡ್ ಗೋರಮ್ 1956ರಲ್ಲಿ ಇದನ್ನು ಅಂಕಗಳುಳ್ಳ ಒಂದು ಪರೀಕ್ಷೆಯಾಗಿಯೇ ರೂಪಿಸಿದ.

ಇಲ್ಲಿನ ತೊಡಕು ಊಹಿಸುವುದು ಕಷ್ಟವಲ್ಲ. ಆ ಗಾದೆಯನ್ನು ಚಿಕ್ಕಂದಿನಿಂದ ಕೇಳಿದವನು ಆಲೋಚಿಸಿ ಉತ್ತರಿಸಬೇಕಿಲ್ಲ, ನೆನಪಿನಿಂದ ಒಪ್ಪಿಸಿದರಾಯಿತು. ಎಂದೂ ಕೇಳದ ವಲಸೆಗಾರ, ಶಾಲೆ ಕಾಣದ ಕೂಲಿಕಾರ ಮೊದಲ ಬಾರಿಗೆ ಕೇಳಿದಾಗ ಗಾಜು, ಕಲ್ಲುಗಳನ್ನೇ ಕಂಡರೆ ಅದು ರೋಗವೆ? ಉರುಳುವ ಕಲ್ಲಿಗೆ ಎರಡು ಪರಸ್ಪರ ವಿರುದ್ಧ ಅರ್ಥಗಳಿರುವಾಗ ಯಾವುದಕ್ಕೆ ಅಂಕ? 1973ರಲ್ಲಿ ಜಾನಪದ ವಿದುಷಿ ಬಾರ್ಬರಾ ಕಿರ್ಶನ್‌ಬ್ಲಾಟ್-ಗಿಂಬ್ಲೆಟ್ ಟೆಕ್ಸಾಸಿನ ವಿದ್ಯಾರ್ಥಿಗಳನ್ನು ‘ಎ ಫ್ರೆಂಡ್ ಇನ್ ನೀಡ್ ಈಸ್ ಎ ಫ್ರೆಂಡ್ ಇಂಡೀಡ್’ ಎಂಬ ಸರ್ವಪರಿಚಿತ ಗಾದೆಯ ಅರ್ಥ ಕೇಳಿದಾಗ ಒಂದಕ್ಕಿಂತ ಹೆಚ್ಚು ಉತ್ತರಗಳು ಬಂದವು. ಕಷ್ಟದಲ್ಲಿ ಆದವನೇ ನಿಜವಾದ ಗೆಳೆಯ ಎಂಬುದು ಒಂದು. ಕಷ್ಟದಲ್ಲಿರುವವನು ನೆರವಿನ ಆಸೆಯಿಂದ ಗೆಳೆತನ ತೋರಿಸುತ್ತಾನೆ ಎಂಬುದು ಇನ್ನೊಂದು. ಇಂಗ್ಲಿಷೇ ಮನೆಮಾತಾದ, ಆರೋಗ್ಯವಂತ ತರುಣರ ಗತಿ ಇದು. ರೋಗಿಯ ಭಾಷೆ, ಓದು, ಬೆಳೆದ ಪರಿಸರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗಾದೆಯಿಂದ ತೀರ್ಪು ಕೊಡಬಾರದೆಂದು ಇಂದು ಮನೋವೈದ್ಯರಿಗೆ ಕಲಿಸುತ್ತಾರೆ.

ಹಳೆಯ ಗಾದೆ, ಹೊಸ ಬಾಲ

ಗಣಕಜಾಲದ ಈ ಯುಗದಲ್ಲಿ ಗಾದೆಗೆ ಇನ್ನೊಂದು ಅವಸ್ಥೆ ಒದಗಿದೆ. ‘ರಕ್ತ ನೀರಿಗಿಂತ ಗಟ್ಟಿ’ ಎಂಬುದು ಅರ್ಧ ಗಾದೆ, ಪೂರ್ಣ ಪಾಠದಲ್ಲಿ ಒಡಂಬಡಿಕೆಯ ರಕ್ತ ಗರ್ಭದ ನೀರಿಗಿಂತ ಗಟ್ಟಿ ಎಂದಿದೆ, ಅಂದರೆ ಒಡಹುಟ್ಟಿದವರಿಗಿಂತ ಆಯ್ದುಕೊಂಡ ಗೆಳೆಯರೇ ಮಿಗಿಲು ಎಂಬ ಸಂದೇಶ ಕೈಯಿಂದ ಕೈಗೆ ಹರಿದಾಡುತ್ತಿದೆ. ಸರ್ ವಾಲ್ಟರ್ ಸ್ಕಾಟ್ 1815ರ ಕಾದಂಬರಿಯಲ್ಲಿ ಬಳಸಿದ್ದು ಚಿಕ್ಕ ರೂಪವನ್ನೇ. ಉದ್ದದ ರೂಪಕ್ಕೆ ಪ್ರಾಚೀನ ಆಧಾರ ಯಾವುದೂ ಕಂಡುಬಂದಿಲ್ಲ. ‘ಎಲ್ಲ ಕಸುಬು ಬಲ್ಲವ, ಯಾವುದರಲ್ಲೂ ಪಳಗದವ’ ಎಂಬ ಗಾದೆಗೂ ‘ಆದರೂ ಒಂದನ್ನೇ ಬಲ್ಲವನಿಗಿಂತ ಮೇಲು’ ಎಂಬ ಹೊಸ ಬಾಲ ಅಂಟಿಕೊಂಡಿದೆ. ಮನೆಯವರಿಂದ ನೊಂದವರಿಗೆ ಮೊದಲನೆಯದು, ಹತ್ತು ಕೆಲಸ ಮಾಡಿ ಬದುಕುವವರಿಗೆ ಎರಡನೆಯದು ಸಮಾಧಾನ ಕೊಡಬಹುದು. ಹೊಸ ಗಾದೆ ಕಟ್ಟುವ ಹಕ್ಕು ಎಲ್ಲ ಕಾಲದವರಿಗೂ ಇದೆ. ಆದರೆ ಹೊಸ ಮಾತನ್ನು ಹಳೆಯದೆಂದು ಹೇಳಿ ನಂಬಿಸಬೇಕಾಗುವುದೇ ಗಾದೆಯ ಬಲ ಎಲ್ಲಿದೆ ಎಂಬುದನ್ನು ತೋರಿಸುತ್ತದೆ. ವಯಸ್ಸಾಗಿದೆ ಎಂದೊಡನೆ ಜನ ಪ್ರಶ್ನಿಸುವುದನ್ನು ನಿಲ್ಲಿಸುತ್ತಾರೆ.

1894ರಲ್ಲಿ ಮಂಗಳೂರಿನಲ್ಲಿ ಕಿಟೆಲ್ ಕನ್ನಡ ನಿಘಂಟನ್ನು ಹೊರತಂದಾಗ ಎಷ್ಟೋ ಪದಗಳ ಅರ್ಥವನ್ನು ಸ್ಪಷ್ಟಪಡಿಸಲು ಗಾದೆಗಳನ್ನೇ ಉದಾಹರಿಸಿದರು. ಪದದ ಅರ್ಥ ತಿಳಿಯಬೇಕಾದರೆ ಅದು ಜನರ ಮಾತಿನಲ್ಲಿ ಹೇಗೆ ಓಡಾಡುತ್ತದೆ ಎಂದು ನೋಡಬೇಕು ಎಂಬ ತಿಳಿವಳಿಕೆ ಅದರ ಹಿಂದಿದೆ. ಗಾದೆಯ ಅರ್ಥ ತಿಳಿಯಲಿಕ್ಕೂ ದಾರಿ ಅದೇ. ಉರುಳುವ ಕಲ್ಲನ್ನು ನೆನೆಯುವವನು ಮಗನನ್ನು ಊರಲ್ಲಿ ಉಳಿಸಿಕೊಳ್ಳಲು ಬಯಸುವ ತಂದೆಯೋ, ಊರು ಬಿಡಲು ಹೊರಟ ಮಗನೋ? ಕೊಳೆತ ಸೇಬಿನ ಮಾತೆತ್ತಿದವನು ಬುಟ್ಟಿಯನ್ನು ತೊಳೆಯಲು ಬಂದವನೋ, ಮುಚ್ಚಿಡಲು ಬಂದವನೋ? ಇಷ್ಟು ವಿಚಾರಿಸಿಕೊಂಡ ಮೇಲೆ ಹಿರಿಯರ ಮಾತನ್ನು ಒಪ್ಪಲು ಅಡ್ಡಿಯಿಲ್ಲ. ಗಾದೆ ಸುಳ್ಳಾಗದೇ ಇರಬಹುದು. ಅದನ್ನು ಹೇಳಿದವನು ಸುಳ್ಳಾಡುತ್ತಿರಬಹುದು.